ಎಮ್ಮೆಯ ಹಿಂದೆ ನಿಂತ ಫೌಜದಾರ

ಖಾಕಿ ಅಂಗಿಯೊಂದು ಓಣಿಯ ತುದಿಯಲ್ಲಿ ಕಂಡಿತೆಂದರೆ ಬೀರಪ್ಪ ಕಾಕಾ ಎದ್ದು ಹೋಗಿ ಎಮ್ಮೆಯ ಹಿಂದೆ ನಿಲ್ಲುತ್ತಿದ್ದರು. ಓಡುತ್ತಿರಲಿಲ್ಲ. ಮೇವು ಹಾಕುವುದು ಈಗಷ್ಟೇ ನೆನಪಾದವರ ಹಾಗೆ ಹೆಗಲ ಕಂಬಳಿ ಸರಿಪಡಿಸಿಕೊಂಡು, ಕಟ್ಟೆ ಇಳಿದು, ನಿಧಾನವಾಗಿ ನಡೆದು ಹೋಗುತ್ತಿದ್ದರು. ಎಮ್ಮೆಯ ಹೆಸರು ಚಂದ್ರಿ. ಅದು ಅಗಲ, ಕಾಕಾ ತೆಳ್ಳಗೆ. ರಸ್ತೆಯಿಂದ ನೋಡಿದರೆ ಚಂದ್ರಿಯ ಬೆನ್ನಿನಾಚೆ ತಲೆಗೆ ಸುತ್ತಿದ ಬಿಳಿ ಪಟಕಾ ಮಾತ್ರ ಕಾಣುತ್ತಿತ್ತು, ಕೊಕ್ಕರೆ ಬಂದು ಕೂತ ಹಾಗೆ.

ಬಂದವರು ಪೊಲೀಸರೇ ಆಗಬೇಕೆಂದಿರಲಿಲ್ಲ. ಕರೆಂಟಿನ ಲೈನ್‌ಮನ್, ಅಂಚೆಯವರು, ಡ್ಯೂಟಿ ಮುಗಿಸಿ ಮನೆಗೆ ಹೊರಟ ಬಸ್ಸಿನ ಕಂಡಕ್ಟರ್, ಯಾರಾದರೂ ಸಾಕಿತ್ತು. ಪೊಲೀಸ್ ಠಾಣೆಯ ಸಾಹೇಬರಿಗೆ ನಮ್ಮ ಕಡೆ ಹಳಬರು ಫೌಜದಾರ ಅನ್ನುತ್ತಾರೆ. ನಮ್ಮೂರು ಚಿಮ್ಮಡದ ಜನ ಆ ಹೆಸರನ್ನು ತಂದು ಕಾಕಾನ ತಲೆಗೆ ಕಟ್ಟಿಬಿಟ್ಟಿದ್ದರು.

"ಏನ್ರೀ ಫೌಜದಾರ ಸಾಹೇಬ್ರ, ಇವತ್ತ ಡ್ಯೂಟಿ ಇಲ್ಲೇನ್ರಿ?"

"ಡ್ಯೂಟಿ ಮ್ಯಾಲ ಅದೀನಿ. ಎಮ್ಮಿ ಕಾಯಾಕತ್ತೇನಿ."

"ನೀವು ಎಮ್ಮಿ ಕಾಯ್ತೀರೋ, ಎಮ್ಮಿ ನಿಮ್ಮನ್ನ ಕಾಯ್ತೈತೋ?"

"ಇಬ್ರೂ ಪಾಳಿ ಮ್ಯಾಲ," ಅನ್ನುತ್ತಿದ್ದರು ಕಾಕಾ, ಎಮ್ಮೆಯ ಹಿಂದಿನಿಂದಲೇ.

ಕಾಕಾನ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಅಪ್ಪ ಬನಹಟ್ಟಿಯಲ್ಲಿ ಪಾವರ್‌ಲೂಮ್ ನಡೆಸುತ್ತಾರೆ, ನಾನು ಬಸ್ಸಿನಲ್ಲಿ ಜಮಖಂಡಿಯ ಕಾಲೇಜಿಗೆ ಹೋಗಿ ಬರುತ್ತೇನೆ. ಹತ್ತನೇ ತರಗತಿಯಿಂದ ದಿನಚರಿ ಬರೆಯುವ ಅಭ್ಯಾಸ ನನಗಿದೆ. ತಾರೀಖು, ಮಳೆಯೋ ಬಿಸಿಲೋ, ಯಾರು ಬಂದರು, ಏನಂದರು. ಕಾಕಾ ಎಮ್ಮೆಯ ಹಿಂದೆ ನಿಂತ ದಿನ ಪುಟದ ಅಂಚಿಗೆ ಒಂದು ಗೆರೆ ಎಳೆಯುತ್ತಿದ್ದೆ. ನಾಲ್ಕು ಗೆರೆಯಾದರೆ ಮೇಲೊಂದು ಅಡ್ಡ ಗೆರೆ. ಈ ಸುದ್ದಿ ಹೇಗೋ ಅವರ ಕಿವಿಗೆ ಬಿತ್ತು. ಸಿಟ್ಟಾಗುತ್ತಾರೆ ಅಂದುಕೊಂಡಿದ್ದೆ. ತಿಂಗಳ ಕೊನೆಗೆ ಅವರೇ ಗೋಡೆಯಾಚೆಯಿಂದ ಕೇಳತೊಡಗಿದರು.

"ಈ ತಿಂಗಳ ಎಷ್ಟ ಆತುಬೇ?"

"ಹನ್ನೊಂದು ಕಾಕಾ."

"ಹೋದ ತಿಂಗಳಕಿಂತ ಕಡಿಮಿ ಆತಲ್ಲ! ಧೈರ್ಯ ಬರಾಕತ್ತೈತಿ ನೋಡು ನನಗ."

ಅಂಜಿಕೆಯ ವಿಷಯದಲ್ಲಿ ಅವರಿಗೆ ನಾಚಿಕೆ ಇರಲಿಲ್ಲ. ಯಾರೋ ಒಮ್ಮೆ ಕೆಣಕಿದಾಗ ಹೇಳಿದ್ದರು: "ಅಂಜಿಕಿ ಅನ್ನೂದು ಮುಧೋಳ ನಾಯಿ ಇದ್ದಂಗಪಾ. ಓಡಿದ್ರ ಬೆನ್ನ ಹತ್ತತೈತಿ, ನಿಂತ್ರ ಕಡಿತೈತಿ. ಅದಕ್ಕ ನಾ ಓಡಂಗೂ ಇಲ್ಲ, ನಿಲ್ಲಂಗೂ ಇಲ್ಲ. ಎಮ್ಮಿ ಹಿಂದ ಹೋಗ್ತೀನಿ."

ಬಸ್ಸು ಹತ್ತಿದರೆ ಟಿಕೇಟನ್ನು ಮುಷ್ಟಿಯಲ್ಲಿ ಹಿಡಿದವರು ಊರು ಮುಟ್ಟಿದರೂ ಬಿಡುತ್ತಿರಲಿಲ್ಲ. ಮನೆಗೆ ತಂದು ಮಾಡಿನ ಜಂತಿಯ ಸಂದಿಗೆ ಸಿಕ್ಕಿಸುತ್ತಿದ್ದರು. ಅಡುಗೆಮನೆಯ ಜಂತಿಗಳ ತುಂಬ ಹೊಗೆ ಹಿಡಿದ ಟಿಕೇಟುಗಳು. "ನಾಳಿ ಯಾರರೆ ಬಂದು, ಅವತ್ತ ನೀ ರೊಕ್ಕಾ ಕೊಟ್ಟ ಹತ್ತಿದ್ಯೋ ಇಲ್ಲೋ ಅಂದ್ರ?" ಎಂದು ಕೇಳುತ್ತಿದ್ದರು. ಅವರ ಹೆಂಡತಿ ಲಕ್ಕವ್ವ ಕಾಕು ರೊಟ್ಟಿ ಬಡಿಯುತ್ತ ಅನ್ನುತ್ತಿದ್ದಳು: "ಹೌದು, ಬರತಾರ. ಬಂದು ಜಂತಿ ಎಣಿಸ್ತಾರ."

ಅದೇ ಜಂತಿಗಳಿಗೆ, ಟಿಕೇಟುಗಳ ನಡುನಡುವೆ, ಜೋಳದ ತೆನೆಗಳು ತಲೆಕೆಳಗಾಗಿ ತೂಗುತ್ತಿದ್ದವು. ಒಲೆಯ ಹೊಗೆ ತಾಗಿದರೆ ಹುಳ ಹತ್ತುವುದಿಲ್ಲ. ಅದು ಕಂಬಳಿ ಜೋಳ. ಕಾಕಾನ ಅಜ್ಜ ಕುರಿ ಹೊಡೆದುಕೊಂಡು ಹೊಳೆಯಾಚೆ ಹೋದಾಗ ಯಾರದೋ ಹೊಲದಲ್ಲಿ ಹಿಂಡು ನಿಲ್ಲಿಸಿದ್ದನಂತೆ. ಕುರಿಯ ಗೊಬ್ಬರಕ್ಕೆ ಬದಲಾಗಿ ಹೊಲದವರು ಕಾಳು ಕೊಟ್ಟರು. ರೊಟ್ಟಿಯ ರುಚಿಗೆ ಮನಸೋತು, ಒಂದು ಹಿಡಿಯನ್ನು ಬಿತ್ತಲೆಂದು ಕಂಬಳಿಯ ಮೂಲೆಗೆ ಗಂಟು ಹಾಕಿ ತಂದ. ಎಳೆಯ ತೆನೆಯನ್ನು ಸುಟ್ಟು ಬೆಲ್ಲದ ಜೊತೆ ತಿನ್ನಲು ಅದಕ್ಕೆ ಸಮನಾದದ್ದು ನಮ್ಮ ಸುತ್ತಿನಲ್ಲಿಲ್ಲ. ಸುತ್ತಲೆಲ್ಲ ಕಬ್ಬು ಬಂದ ಮೇಲೂ ಕಾಕಾ ಎರಡು ಎಕರೆ ಕರಿಮಣ್ಣಿನ ಎರಿ ಹೊಲದಲ್ಲಿ ಪ್ರತಿ ಹಿಂಗಾರಿಗೆ ಅದನ್ನೇ ಬಿತ್ತುತ್ತಿದ್ದರು.

ಕೊಯ್ಲಿಗೆ ಮೊದಲು ಬೀಜದ ತೆನೆ ಆರಿಸುವ ದಿನಗಳಲ್ಲಿ ಮಾತ್ರ ಅವರು ಬೇರೆ ಮನುಷ್ಯ. ಆಳೆತ್ತರದ ಜೋಳದ ನಡುವೆ ಬರಿಗಾಲಲ್ಲಿ ಹೊಕ್ಕರೆ ಹಾವಿಗೂ ಅಂಜುತ್ತಿರಲಿಲ್ಲ. ಆರಿಸಿದ ತೆನೆಗೆ ಬಣ್ಣದ ನೂಲು ಕಟ್ಟುತ್ತಿದ್ದರು. ಆ ನೂಲು ಅಪ್ಪ ಮಗ್ಗದಿಂದ ತಂದುಕೊಡುತ್ತಿದ್ದ ತುಂಡು ಎಳೆಗಳು. "ತೆನಿ ಆರಿಸೂದಂದ್ರ ಅಳಿಯನ್ನ ನೋಡಿದಂಗಬೇ," ಅಂತ ನನಗೆ ಹೇಳಿದ್ದರು. "ತಲಿ ದೊಡ್ಡದೈತಿ ಅಂತ ಮಳ್ಳಾಗಬಾರದು. ಗಾಳಿ ಬಂದಾಗ ನಿಲ್ಲತಾನೋ ಇಲ್ಲೋ, ಅದನ್ನ ನೋಡಬೇಕು."

ಬೀಜ ಕೊಡುವುದಕ್ಕೂ ಅವರ ಮನೆತನದ್ದೊಂದು ರೀತಿ ಇತ್ತು. ಕೈಯಿಂದ ಕೈಗೆ ಕೊಡುತ್ತಿರಲಿಲ್ಲ. ಮೊರದಲ್ಲಿ ಅಳೆದು, ಬೀರೇಶ್ವರನ ಹೆಸರು ಹೇಳಿ ಚಿಟಿಕೆ ಅರಿಶಿನದ ಭಂಡಾರ ಹಾಕಿ, ಮೊರವನ್ನು ನೆಲದ ಮೇಲಿಟ್ಟು ಹಿಂದೆ ಸರಿಯುತ್ತಿದ್ದರು. ಒಯ್ಯುವವರು ತಾವೇ ಎತ್ತಿಕೊಳ್ಳಬೇಕು. ಒಂದು ಸೇರು ಒಯ್ದವರು ಸುಗ್ಗಿಯ ನಂತರ ಸವಾ ಸೇರು, ಅಂದರೆ ಒಂದೂಕಾಲು ಸೇರು, ತಂದು ಅದೇ ಮೊರಕ್ಕೆ ಸುರಿಯುತ್ತಿದ್ದರು. ತರದವರನ್ನು ಕೇಳುವಂತಿಲ್ಲ. ಉಳಿದದ್ದನ್ನು ಬನಹಟ್ಟಿಯ ಸಂತೆಯಲ್ಲಿ ಕಂಬಳಿ ಹಾಸಿ, ರಾಶಿ ಮಾಡಿ ಮಾರುತ್ತಿದ್ದರು.

ಅಂಥ ಒಂದು ಸಂತೆಯ ಬೆನ್ನಿಗೇ ಬಿಳಿ ಕಾರು ಬಂತು. ಹೋದ ವರ್ಷದ ಸುಗ್ಗಿ ಮುಗಿದಿತ್ತು, ಹೋಳಿ ಹುಣ್ಣಿಮೆ ಹತ್ತಿರದಲ್ಲಿತ್ತು. ಕಾರಿನಿಂದ ಇಳಿದ ಇಬ್ಬರೂ ಇಸ್ತ್ರಿ ಮಾಡಿದ ಬಿಳಿ ಅಂಗಿಯವರು. ಖಾಕಿ ಇರಲಿಲ್ಲವಲ್ಲ, ಕಾಕಾ ಎಮ್ಮೆಯ ಕಡೆ ಹೋಗಲೇ ಇಲ್ಲ. ಕಂಬಳಿ ಹಾಸಿ ಕೂರಿಸಿ, ನೀರು ಬೆಲ್ಲ ತರಿಸಿದರು. ನಾನು ಗೋಡೆಯ ಪಕ್ಕದ ಕಟ್ಟೆಯ ಮೇಲೆ ಓದುತ್ತ ಕೂತಿದ್ದೆ.

ಇಬ್ಬರಲ್ಲಿ ಕನ್ನಡಕದವನು ಬೆಲ್ಲ ಚೀಪುತ್ತ ಮೆತ್ತಗೆ ಕೇಳಿದ: "ಸಂತೆಯಲ್ಲಿ ಜೋಳದ ಬೀಜ ಮಾರಿದ್ದು ನೀವೇನಾ?"

"ಹೂನ್ರಿ. ಬೇಕೇನ್ರಿ?"

"ಅದು ನಮ್ಮ ಬೀಜದ ಕಂಪನಿಯ ತಳಿ. ಅದರ ಹಕ್ಕು ನಮ್ಮದು. ನೀವು ಮಾರುವ ಹಾಗಿಲ್ಲ."

ಕಾಕಾನಿಗೆ ತಿಳಿಯಲಿಲ್ಲ. ನಗುತ್ತಲೇ ಇದ್ದರು. ಕಾಕು ಒಳಗಿನಿಂದ ಬಂದಳು. "ನಿಮ್ಮ ಕಂಪನಿ ಹುಟ್ಟೂಕಿಂತ ಮೊದ್ಲ ಇದು ನಮ್ಮ ಜಂತಿಗಿ ತೂಗಾಕತ್ತಿತ್ತರೀ. ನಮ್ಮದ ನಿಮ್ಮದ ಹೆಂಗಾತು?"

"ಅದನ್ನೆಲ್ಲ ಕೋರ್ಟಿನಲ್ಲಿ ಹೇಳಿ ಅಮ್ಮ," ಅಂದ ಕನ್ನಡಕದವನು. "ಇನ್ನೊಮ್ಮೆ ಪೊಲೀಸರನ್ನು ಕರೆದುಕೊಂಡೇ ಬರುತ್ತೇವೆ. ಮನೆಯಲ್ಲಿ ಒಂದು ಕಾಳು ಸಿಕ್ಕರೂ ಕೇಸು. ನಿಮ್ಮ ಹತ್ತಿರ ಬೀಜ ಒಯ್ದವರ ಮೇಲೂ."

ಕಾಕಾ ಎದ್ದರು. ಕಂಬಳಿಯ ಮೇಲೆ ಅವರಿಬ್ಬರು ಕೂತಿದ್ದರಿಂದ ಹೆಗಲಿಗೆ ಹಾಕಿಕೊಳ್ಳಲು ಏನೂ ಇರಲಿಲ್ಲ. ಬರಿ ಹೆಗಲಲ್ಲೇ ನಡೆದು ಹೋಗಿ ಚಂದ್ರಿಯ ಹಿಂದೆ ನಿಂತರು. ಎರಡನೆಯವನು ಮೊಬೈಲು ಎತ್ತಿ ಅತ್ತ ಫೋಟೋ ತೆಗೆದ. ನನಗೆ ನಗು ಬರಬೇಕಿತ್ತು. ಪಟಕಾ ನಡುಗುತ್ತಿತ್ತು. ನಾನು ಕೂತಲ್ಲಿಂದಲೇ ಅದು ಕಾಣುತ್ತಿತ್ತು. ಅವತ್ತು ನಾನು ಗೆರೆ ಎಳೆಯಲಿಲ್ಲ.

ಮರುದಿನದಿಂದ ಓಣಿಯ ಮಾತು ಬದಲಾಯಿತು. ಫೌಜದಾರನ ಜೋಳ ಮನೆಯಲ್ಲಿದ್ದರೆ ಪೊಲೀಸರು ಬರುತ್ತಾರಂತೆ ಎಂದು ಒಬ್ಬರು ಇನ್ನೊಬ್ಬರಿಗೆ ಹೇಳಿದರು. ಬೀಜಕ್ಕೆಂದು ಇಟ್ಟುಕೊಂಡವರು ಒಬ್ಬೊಬ್ಬರಾಗಿ ಅದನ್ನು ಗಿರಣಿಗೆ ಒಯ್ದರು. ಎರಡು ವಾರ ಓಣಿಯ ತುಂಬ ಕಂಬಳಿ ಜೋಳದ ರೊಟ್ಟಿಯ ಘಮ. ಹಬ್ಬದಂತಹ ಘಮ. ಉಂಡವರ ಮುಖದಲ್ಲಿ ಮಾತ್ರ ಹಬ್ಬವಿರಲಿಲ್ಲ. ಆ ವರ್ಷ ಸವಾ ಸೇರು ತಂದು ಯಾರೂ ಮೊರಕ್ಕೆ ಸುರಿಯಲಿಲ್ಲ, ಕಾಕಾ ಮೊರ ಹೊರಗಿಡಲೂ ಇಲ್ಲ.

ಒಂದು ಮಧ್ಯಾಹ್ನ ಕಾಲೇಜಿನಿಂದ ಬಂದವಳು ಉಪ್ಪು ಕೇಳಲು ಅವರ ಅಡುಗೆಮನೆಗೆ ಹೋದೆ. ಜಂತಿ ಬೋಳಾಗಿತ್ತು. ತೆನೆಗಳಿದ್ದ ಜಾಗದಲ್ಲಿ ಹೊಗೆ ತಾಗದ ಕಟ್ಟಿಗೆ ಬೆಳ್ಳಗೆ ಕಾಣುತ್ತಿತ್ತು. ಟಿಕೇಟುಗಳು ಇದ್ದವು.

"ಎಲ್ಲಾ ಬಡದು ಚೀಲಕ್ಕ ತುಂಬಿ ಎಲ್ಲೋ ಮುಚ್ಚಿಟ್ಟಾರ," ಅಂದಳು ಕಾಕು. "ನನಗೂ ಹೇಳವಲ್ರು. ನಿನ್ನ ಬಾಯಾಗ ಎಳ್ಳ ನೆನ್ಯಾಂಗಿಲ್ಲ ಅಂತಾರ."

ಬೇಸಿಗೆ ಕಳೆಯಿತು, ಮಳೆ ಬಂತು. ಕಾಕಾ ತೆಳ್ಳಗಿದ್ದವರು ಇನ್ನೂ ತೆಳ್ಳಗಾದರು. ರಸ್ತೆಯಲ್ಲಿ ಯಾವ ಕಾರು ಸದ್ದು ಮಾಡಿದರೂ ಕೈಯಲ್ಲಿಯ ತುತ್ತು ಕೈಯಲ್ಲೇ ಉಳಿಯುತ್ತಿತ್ತು. ಮೊದಲು ಖಾಕಿಗೆ ಮಾತ್ರ ಅಂಜುತ್ತಿದ್ದವರಿಗೆ ಈಗ ಬಿಳಿಯೂ ಬೇಡವಾಯಿತು. ಮೊದಲಿನ ಅಂಜಿಕೆಯಲ್ಲಿ ಒಂದು ಆಟವಿತ್ತು, ನಾವೂ ಅದರಲ್ಲಿ ಸೇರಿಕೊಳ್ಳುತ್ತಿದ್ದೆವು. ಈ ಅಂಜಿಕೆಯ ಹತ್ತಿರ ಹೋಗಲು ನಮಗೇ ಅಂಜಿಕೆ. ತಿಂಗಳ ಕೊನೆಗೆ ಗೋಡೆಯಾಚೆಯಿಂದ ಲೆಕ್ಕ ಕೇಳುವ ದನಿ ನಿಂತಿತು. ರಾತ್ರಿ ಕೆಮ್ಮು ಮಾತ್ರ ಕೇಳುತ್ತಿತ್ತು.

ನಾನು ಮೊಬೈಲಿನಲ್ಲಿ ಹುಡುಕಿದೆ. ರೈತರ ಹಕ್ಕಿನ ಬಗ್ಗೆಯೇ ಒಂದು ಕಾಯ್ದೆ ಇದೆ ಎಂದು ಗೊತ್ತಾಯಿತು. ಓದಿದರೆ ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ. ತಿಳಿಯದ ಅರ್ಧದಲ್ಲಿ ಜೈಲು ಇದ್ದರೆ? ಅಪ್ಪನನ್ನು ಕೇಳಿದೆ. ಜಮಖಂಡಿಯ ಕೋರ್ಟಿನ ಹತ್ತಿರ ರೈತರಿಗೆ ರೊಕ್ಕವಿಲ್ಲದೆ ಸಲಹೆ ಕೊಡುವ ಒಬ್ಬ ವಕೀಲರಿದ್ದಾರೆ, ಹೆಣ್ಣುಮಗಳು, ಬೀಳಗಿ ಕಡೆಯವರು ಅಂದರು. ಕಾಕಾನಿಗೆ ಹೇಳಿದರೆ, "ಕೋರ್ಟಿನ ಓಣಿಗಾ? ಇಲ್ಲಬೇ. ಸತ್ರೂ ಇಲ್ಲ," ಅಂದರು.

ಕೊನೆಗೆ ಕಾಕು ಒಂದೇ ಮಾತಿನಲ್ಲಿ ಮುಗಿಸಿದಳು: "ಹೋಗಲಿಲ್ಲಂದ್ರ ನಾ ಚಂದ್ರೀನ ಮಾರಿಬಿಡ್ತೀನಿ. ಆಮ್ಯಾಲ ಯಾರ ಹಿಂದ ನಿಲ್ಲತೀರಿ, ನೋಡೂನು."

ಗಣಪತಿ ಹಬ್ಬದ ಮರುವಾರ ಕಾಕಾ ಮತ್ತು ನಾನು ಹೋದೆವು. ಬಸ್ಸಿನಲ್ಲಿ ಕಾಕಾ ಎರಡೂ ಟಿಕೇಟು ತಾವೇ ಹಿಡಿದುಕೊಂಡಿದ್ದರು. ವಕೀಲರು ದಪ್ಪಗೆ, ಮೂಗಿನ ತುದಿಗೆ ಕನ್ನಡಕ, ಎದುರಿಗೆ ಚಹಾ. ಎಲ್ಲವನ್ನೂ ಕೇಳಿಸಿಕೊಂಡರು.

"ಕಾಗದ ಏನರೆ ಕೊಟ್ಟಾರ?"

"ಇಲ್ರಿ."

"ನೋಟೀಸು? ಹೋಗಲಿ, ಹೆಸರು, ಊರು, ಕಾರ್ಡು?"

"ಏನೂ ಇಲ್ರಿ. ಫೋಟೋ ಹೊಡಕೊಂಡಾರ್ರಿ."

"ನಿಮ್ದಾ?"

"ಎಮ್ಮೀದ್ರಿ," ಅಂದರು ಕಾಕಾ.

ವಕೀಲರು ಚಹಾದ ಬಟ್ಟಲು ಕೆಳಗಿಟ್ಟು ಸೆರಗಿನಿಂದ ಬಾಯಿ ಒರೆಸಿಕೊಂಡರು. ನಕ್ಕು ಮುಗಿದ ಮೇಲೆ ಒಂದು ಪುಸ್ತಕ ತೆಗೆದರು. "ನೋಡ್ರಿ ಅಜ್ಜಾರ, ಒಂದ ಗಳಿಗಿ ಇದು ಅವರದ ತಳಿ ಅಂತನ ಇಟ್ಕೋಳೂನು. ಆದ್ರೂ ಕಾಯ್ದೆ ಏನಂತೈತಿ? ರೈತ ತಾ ಬೆಳದದ್ದನ್ನ, ಬೀಜ ಸುದ್ದಾ, ಇಟ್ಕೋಬಹುದು, ಬಳಸಬಹುದು, ಬಿತ್ತಬಹುದು, ತಿರಗಿ ಬಿತ್ತಬಹುದು, ಅದಲಿಬದಲಿ ಮಾಡಬಹುದು, ಹಂಚಬಹುದು, ಮಾರಬಹುದು. ಮೊದಲಿಂದ ಹೆಂಗ ಮಾಡ್ಕೋಂತ ಬಂದಾನೋ ಹಂಗ. ಮುವತ್ತೊಂಬತ್ತನೇ ಕಲಮು. ಒಂದ ಮಾಡಬಾರದು. ಅವರ ತಳಿ ಹೆಸರು ಹಚ್ಚಿ, ಪಾಕೀಟು ಕಟ್ಟಿ ಮಾರಬಾರದು."

"ಪಾಕೀಟ ಎಲ್ಲೀದ್ರಿ? ಕಂಬಳಿ ಮ್ಯಾಲ ಸುರುವಿ ಮಾರತೀನ್ರಿ."

"ಹಂಗಿದ್ರ ಮಾರ್ರಿ. ಯಾಕ ಬಿಟ್ರಿ?"

ಕಾಕಾ ಆ ಏಳು ಮಾತುಗಳನ್ನು ಇನ್ನೊಮ್ಮೆ ಹೇಳಿಸಿಕೊಂಡರು. ಆಮೇಲೆ ಮತ್ತೊಮ್ಮೆ. ವಕೀಲರು ಆ ಪುಟದ ಜೆರಾಕ್ಸ್ ಮಾಡಿಸಿ ಕೊಟ್ಟು, "ಈ ಜೋಳ ನಿಮ್ಮದ ಹಳೇ ತಳಿ ಆಗಿದ್ರ ನಿಮ್ಮ ಹೆಸರಿಲೇ ನೋಂದಣಿ ಸುದ್ದಾ ಮಾಡಿಸಬಹುದು. ಬೀಜದ ಮಾದರಿ ಕೊಡಬೇಕಾಕ್ಕೈತಿ ಅಷ್ಟ," ಅಂದರು.

"ಹೆಸರ ಬರಸೂದ ಬ್ಯಾಡ್ರಿ," ಅಂದರು ಕಾಕಾ ಗಾಬರಿಯಾಗಿ.

"ಇರಲಿ. ಬೀಜ ಎಲ್ಲೈತಿ ಈಗ?"

ಕಾಕಾ ಎದ್ದುಬಿಟ್ಟರು. ಸಂತೋಷ ಕಾಣಬೇಕಾದ ಮುಖ ಬಿಳಿಚಿತ್ತು. ಹೊರಗೆ ಬಂದು ಬೇವಿನ ಮರದ ಕೆಳಗೆ ಕುಕ್ಕರುಗಾಲಲ್ಲಿ ಕೂತರು. ನೆಲ ನೋಡುತ್ತ ಹೇಳಿದರು:

"ಹಗೇವಿನ್ಯಾಗ ಐತಿಬೇ."

ನಮ್ಮ ಕಡೆಯವರಿಗೆ ಇಷ್ಟು ಹೇಳಿದರೆ ಸಾಕು. ಹಗೇವು ಎಂದರೆ ನೆಲದೊಳಗಿನ ಕಾಳಿನ ಗುಂಡಿ. ಮನುಷ್ಯನೊಬ್ಬ ಇಳಿಯುವಷ್ಟು ಬಾಯಿ, ಒಳಗೆ ಅಗಲವಾದ ಹೊಟ್ಟೆ. ಕಾಳು ತುಂಬಿ, ಕಲ್ಲು ಮುಚ್ಚಿ, ಮಣ್ಣು ಮೆತ್ತಿದರೆ ಒಳಗೆ ಗಾಳಿಯಾಡದು, ಹುಳ ಬದುಕದು. ಆದರೆ ಬೀಜದ ಜೀವವೂ ಅಲ್ಲಿ ಬಹಳ ದಿನ ಉಳಿಯುವುದಿಲ್ಲ. ಹಗೇವಿನ ಜೋಳ ಉಣ್ಣಲಿಕ್ಕೆ, ಜಂತಿಯ ಜೋಳ ಬಿತ್ತಲಿಕ್ಕೆ. ಇದು ಕೂಸುಗಳಿಗೂ ಗೊತ್ತು. ಅದರ ಮೇಲೆ ಈಗ ಊರ ಸುತ್ತ ಕಬ್ಬಿನ ನೀರು ಹನ್ನೆರಡು ತಿಂಗಳೂ ನಿಂತಿರುತ್ತದೆ. ಹಳೆಯ ಹಗೇವುಗಳೆಲ್ಲ ಒಳಗೊಳಗೇ ಬೆವರುತ್ತಿವೆ.

"ಗೊತ್ತಿದ್ದೂ ಅಲ್ಲೇ ಯಾಕ ಇಟ್ರಿ ಕಾಕಾ?"

"ಅಲ್ಲಿ ಇಳ್ಯಾಕ ಪೊಲೀಸ್ರೂ ಅಂಜತಾರಬೇ," ಅಂದರು.

ಆ ಹಗೇವಿನ ಬಾಯಿ ಇದ್ದದ್ದು ಚಂದ್ರಿಯನ್ನು ಕಟ್ಟುವ ಜಾಗದ ಕೆಳಗೆ. ಮರುದಿನ ಬೆಳಿಗ್ಗೆ ಚಂದ್ರಿಯನ್ನು ಬೇರೆ ಗೂಟಕ್ಕೆ ಕಟ್ಟಿ, ಅಪ್ಪ ಮತ್ತು ಕಾಕಾ ಸೇರಿ ಹಾರೆಯಿಂದ ಕಲ್ಲು ಮೀಟಿದರು. ಒಳಗಿನಿಂದ ಬಂದ ವಾಸನೆಗೆ ಚಂದ್ರಿ ಹಗ್ಗ ಜಗ್ಗಿತು. ಕಾಕು ದೀಪ ಹಚ್ಚಿ ಡಬ್ಬಿಯಲ್ಲಿಟ್ಟು ಹಗ್ಗದಿಂದ ಕೆಳಗೆ ಬಿಟ್ಟಳು. ಅದು ಅರ್ಧ ದಾರಿಗೇ ಆರಿತು. ಯಾರೋ ಊದಿದ ಹಾಗಲ್ಲ, ಹಿಸುಕಿದ ಹಾಗೆ.

"ಮುಚ್ಚಬ್ಯಾಡ್ರಿ. ಕೆಟ್ಟ ಗಾಳಿ ಹೋಗಲಿ," ಅಂದರು ಕಾಕಾ.

ಕಾಯುತ್ತ ಕೂತಾಗ ಕಾಕು ನನ್ನ ಕಿವಿಯಲ್ಲಿ ಹೇಳಿದಳು. ಕಾಕಾ ಸಣ್ಣವರಿದ್ದಾಗ ಅವರ ಸೋದರಮಾವ ದೀಪ ಬಿಡದೆ ಇಂಥದೇ ಹಗೇವಿಗೆ ಇಳಿದಿದ್ದನಂತೆ. ಕಾಕಾ ಬಾಯಿಯ ಹತ್ತಿರ ಕೂತು ಮಾವಾ, ಮಾವಾ ಎಂದು ಕರೆಯುತ್ತಲೇ ಇದ್ದರಂತೆ.

ಮಧ್ಯಾಹ್ನವೂ ದೀಪ ಆರಿತು. ಮೂರನೆಯ ದಿನ ನಿಂತಿತು, ಸಣ್ಣದಾಗಿ. ಬಾವಿಗೆ ಬಿದ್ದ ಕೊಡ ಎತ್ತುವ ಪಾತಾಳಗರಡಿಯನ್ನು ಅಪ್ಪ ಇಳಿಬಿಟ್ಟರು. ಅದರ ಕೊಕ್ಕೆ ಚೀಲಕ್ಕೆ ಸಿಕ್ಕಿ ಪರ್ರನೆ ಹರಿದ ಸದ್ದು ಬಂತು. ಕಾಳು ಸುರಿದ ಸದ್ದೂ ಬಂತು. ಇನ್ನು ಯಾರಾದರೂ ಇಳಿಯಲೇಬೇಕು. ಅಪ್ಪ ಅಂಗಿ ಬಿಚ್ಚತೊಡಗಿದರು.

"ನೀ ಸರಿಪಾ," ಅಂದರು ಕಾಕಾ. "ಇಟ್ಟಾಂವ ನಾ."

ಸೊಂಟಕ್ಕೆ ಹಗ್ಗ ಕಟ್ಟಿಸಿಕೊಂಡರು. ಅವರ ತೊಡೆ ನಡುಗುವುದನ್ನು ನಾವೆಲ್ಲ ನೋಡಿದೆವು, ಅವರೂ ಮುಚ್ಚಿಡಲಿಲ್ಲ. ಅಪ್ಪ ಹೇಳಿದರು: "ಕಾಕಾ, ಒಳಗ ಮಾತಾಡ್ಕೋಂತ ಇರ್ರಿ. ಮಾತು ನಿಂತ್ರ ನಾವು ಜಗ್ಗತೀವಿ."

"ಏನ ಮಾತಾಡ್ಲಿ?"

"ಏನರೆ."

ಪಟಕಾ ತೆಗೆದು ಕಾಕುವಿನ ಕೈಗೆ ಕೊಟ್ಟು, ಗೋಡೆಯ ಕಲ್ಲುಗಳಿಗೆ ಕಾಲು ಕೊಡುತ್ತ ಇಳಿದರು. ಕತ್ತಲು ಅವರನ್ನು ಮೊಣಕಾಲಿನವರೆಗೆ, ಎದೆಯವರೆಗೆ, ಆಮೇಲೆ ಪೂರ್ತಿ ತೆಗೆದುಕೊಂಡಿತು. ಕೆಳಗಿನಿಂದ ದನಿ ಬಂತು, ಮಡಕೆಯೊಳಗಿಂದ ಬಂದ ಹಾಗೆ.

"ಇಟ್ಕೋಬಹುದು... ಬಳಸಬಹುದು... ಬಿತ್ತಬಹುದು..."

ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ಮೊರದಿಂದ ಕಾಳು ಬಾಚುವ ಸದ್ದು. ಇನ್ನೊಂದು ಹಗ್ಗದ ಬುಟ್ಟಿ ತುಂಬಿ ಮೇಲೆ ಬಂತು, ಖಾಲಿಯಾಗಿ ಕೆಳಗೆ ಹೋಯಿತು, ಮತ್ತೆ ಬಂತು. ದನಿ ಬರುತ್ತಲೇ ಇತ್ತು, ಆದರೆ ನಡುವೆ ಉಸಿರು ಹೆಚ್ಚಾಗುತ್ತಿತ್ತು.

"ತಿರಗಿ ಬಿತ್ತಬಹುದು... ಅದಲಿಬದಲಿ... ಹಂಚಬಹುದು..."

ಆಮೇಲೆ ಏನೂ ಇಲ್ಲ.

ಕಾಕು ಹಗೇವಿನ ಬಾಯಿಗೆ ಬಗ್ಗಿ ಕೂಗಿದಳು. ಉತ್ತರವಿಲ್ಲ. ಅಪ್ಪ ಹಗ್ಗ ಜಗ್ಗಿದರು, ನಾನೂ ಹಿಡಿದೆ. ನನ್ನ ಅಂಗೈ ಸುಲಿದದ್ದು ಸಂಜೆಗೆ ಗೊತ್ತಾಯಿತು. ಮೊದಲು ಬೋಳು ತಲೆ ಕಂಡಿತು, ಆಮೇಲೆ ಬೂದಿ ಬಣ್ಣದ ಮುಖ. ಅಂಗಾತ ಮಲಗಿಸಿ ಗಾಳಿ ಬೀಸಿದೆವು. ಕಣ್ಣು ತೆರೆದರು.

"ಯಾಕ ಜಗ್ಗಿದ್ರಿ?" ಅಂದರು ತಡವರಿಸುತ್ತ. "ಮುಂದಿನ ಮಾತು ಮರತಿತ್ತು. ನೆನಸಾಕತ್ತಿದ್ನಿ."

ಕಾಕು ಅಳುತ್ತ ಅವರ ಎದೆಗೊಂದು ಗುದ್ದಿದಳು.

ಮೇಲೆ ಬಂದ ಕಾಳು ಮುತ್ತಿನ ಬಣ್ಣ ಕಳೆದುಕೊಂಡು ಹಳದಿಯಾಗಿತ್ತು, ಹುಳಿ ವಾಸನೆ ಹೊಡೆಯುತ್ತಿತ್ತು. ಅದರಲ್ಲಿ ನೂರು ಕಾಳು ಎಣಿಸಿ, ಅಪ್ಪನ ಮಗ್ಗದ ಬಿಳಿ ಅರಿವೆಯ ತುಂಡನ್ನು ತೋಯಿಸಿ, ಅದರಲ್ಲಿ ಸುತ್ತಿಟ್ಟೆವು. ದಿನಾ ನೀರು ಚಿಮುಕಿಸುವ ಕೆಲಸ ನನ್ನದು. ಬಿಚ್ಚುವ ದಿನ ಕಾಕಾ ಬರಲಿಲ್ಲ, ಚಂದ್ರಿಯ ಹಿಂದೆ ಹೋಗಿ ನಿಂತರು. ಒಂದು ಅರಿವೆಯ ತುಂಡಿಗೆ ಅಂಜಿ ನಿಂತದ್ದು ಅದೊಂದೇ ಸಲ.

"ಎಷ್ಟಬೇ?" ದನಿ ಬಂತು.

"ಏಳು."

ಚಂದ್ರಿಯ ಬೆನ್ನಿನ ಮೇಲೆ ಅವರ ಕೈ ಎರಡು ಸಲ ಆಡಿತು. ಆಮೇಲೆ ಅಂದರು: "ಅವ್ರು ಏನೂ ಮಾಡಲಿಲ್ಲ ನೋಡು. ಬಂದ್ರು, ಬೆಲ್ಲ ತಿಂದ್ರು, ಒಂದ ಮಾತ ಆಡಿ ಹೋದ್ರು. ಕೊಂದಾಂವ ನಾ."

ಕಾಕು ಅರಿವೆಯನ್ನು ಮಡಚಿಟ್ಟು ಅಂದಳು: "ನೂರಕ್ಕ ಏಳು ಅಂದ್ರ ಚೀಲಕ್ಕ ಎಷ್ಟರೆ ಆತು? ನಿಮ್ಮ ಅಜ್ಜ ತಂದದ್ದ ಒಂದ ಹಿಡಿ. ಎದ್ದ ಬರ್ರಿ, ಬಿತ್ತಾಕ ಕೂರಿಗಿ ತಗೀರಿ."

ಹಿಂಗಾರಿಗೆ ಮೇಲೆ ಬಂದಷ್ಟನ್ನೂ ಒತ್ತಾಗಿ ಬಿತ್ತಿದರು. ಮೊಳೆತ ಹೊಲವನ್ನು ನೋಡಿ ದಾರಿಹೋಕರು ನಕ್ಕರು. ಮುದುಕರ ಬಾಯಿಯ ಹಲ್ಲಿನ ಹಾಗೆ ಅಲ್ಲೊಂದು ಇಲ್ಲೊಂದು ಸಸಿ. ಕಾಕಾ ದಿನಾ ಹೋಗಿ ನಡುವೆ ಓಡಾಡಿ ಬರುತ್ತಿದ್ದರು. ಬಿಳಿ ಕಾರು ಆ ಚಳಿಗಾಲ ಬರಲಿಲ್ಲ. ಬಾರದಿದ್ದುದರಿಂದ ಅಂಜಿಕೆ ಕಡಿಮೆಯಾಗಲಿಲ್ಲ, ದಿನಾ ಒಂದೊಂದು ದಿನ ಮುಂದಕ್ಕೆ ಹೋಯಿತು ಅಷ್ಟೇ. ವಕೀಲರು ಕೊಟ್ಟ ಜೆರಾಕ್ಸು ಜಂತಿಯ ಸಂದಿಯಲ್ಲಿ, ಟಿಕೇಟುಗಳ ಜೊತೆ, ಹೊಗೆ ಹಿಡಿಯತೊಡಗಿತ್ತು. ಓದಲು ಬಾರದ ಕಾಕಾ ಅಡುಗೆಮನೆಗೆ ಹೋದಾಗೆಲ್ಲ ಅದು ಅಲ್ಲಿದೆಯೇ ಎಂದು ಬೆರಳಿನಿಂದ ಮುಟ್ಟಿ ನೋಡುತ್ತಿದ್ದರು.

ಅವರನ್ನು ನಾನು ಕೊನೆಯ ಸಲ ಕಂಡದ್ದು ಶಿವರಾತ್ರಿಗೆ ಮೊದಲು, ತೆನೆ ಆರಿಸುವ ದಿನ. ಬದುವಿನ ಮೇಲೆ ಕಂಬಳಿ ಹಾಸಿ ಕೂತಿದ್ದರು. ಎದೆ ಹಿಡಿದಂತಾಗುತ್ತದೆ, ನೀನೇ ಕಟ್ಟು ಅಂದರು. ಅವರು ಕೈ ತೋರಿಸಿದ ತೆನೆಗೆ ನಾನು ಕೆಂಪು ನೂಲು ಕಟ್ಟುತ್ತ ಹೋದೆ. ಸಸಿ ವಿರಳವಾಗಿದ್ದರಿಂದಲೋ ಏನೋ ತೆನೆಗಳು ಒಂದೊಂದೂ ತುಂಬಿ ಬಾಗಿದ್ದವು.

"ಅದಲ್ಲಬೇ, ಅದರ ಬಾಜೂದು. ಅದು ಬರೇ ತಲಿ ಐತಿ."

ಕಟ್ಟಿ ಬಂದು ಪಕ್ಕ ಕೂತೆ. "ಕಾಕಾ, ಈಗರೆ ಅಂಜಿಕಿ ಹೋತೇನ್ರಿ?"

"ಎಲ್ಲಿ ಹೊಕ್ಕೈತಿ? ಹುಟ್ಟಿದಾಗ ಬಂದದ್ದು." ಕೆಮ್ಮಿ, ನಕ್ಕರು. "ಅಂಜೂದು ಅಂಜಬೇಕುಬೇ. ಖರೆ, ಮಾತು ನಿಲ್ಲಿಸಬಾರದು. ಮಾತು ನಿಂತ್ರ ಮ್ಯಾಲಿನವರು ಸತ್ತಾ ಅಂತ ಹಗ್ಗಾ ಜಗ್ಗಿಬಿಡ್ತಾರ."

ಆ ವಾರವೇ ನಿದ್ದೆಯಲ್ಲಿ ಹೋದರು. ನಾನು ಪರೀಕ್ಷೆಗೆಂದು ಜಮಖಂಡಿಯಲ್ಲಿ ಗೆಳತಿಯ ಮನೆಯಲ್ಲಿದ್ದೆ. ಬರುವುದರೊಳಗೆ ಮಣ್ಣು ಮಾಡಿ ಮುಗಿದಿತ್ತು. ಕಾಕು ಕೆಂಪು ನೂಲಿನ ತೆನೆಗಳನ್ನು ತಾನೇ ಕೊಯ್ದು ತಂದು ಜಂತಿಗೆ ಕಟ್ಟಿದಳು. ಮೊದಲಿನಷ್ಟಲ್ಲ, ಆದರೆ ಬೆಳ್ಳಗಿದ್ದ ಕಟ್ಟಿಗೆ ಮುಚ್ಚುವಷ್ಟು. ನೋಂದಣಿಗೆ ಮಾದರಿ ಕೊಟ್ಟರೆ ಬಿತ್ತಲು ಸಾಲದು, ಇನ್ನೊಂದು ಸುಗ್ಗಿ ಕಾಯೋಣ ಅಂದಿದ್ದಾರೆ ವಕೀಲರು. ಆ ತೆನೆಗಳಾಚೆ ಕಂಬಳಿ ಜೋಳ ಬೇರೆಲ್ಲೂ ಉಳಿದಿಲ್ಲ.

ಯುಗಾದಿ ಕಳೆದ ಮೇಲೆ ಒಂದು ಮಧ್ಯಾಹ್ನ ಕಾಕು ಗಿರಣಿಗೆ ಹೋಗಿದ್ದಳು. ನಾನು ಅವರ ಅಂಗಳದಲ್ಲಿ ಚಂದ್ರಿಗೆ ನೀರು ಇಡುತ್ತಿದ್ದೆ. ಓಣಿಯ ತುದಿಯಲ್ಲಿ ಬಿಳಿ ಕಾರು ತಿರುಗಿತು. ಇಳಿದವನು ಅದೇ ಕನ್ನಡಕದವನು, ಜೊತೆಗೆ ಬೇರೊಬ್ಬ. ಕೈಯಲ್ಲಿಯ ಬಕೇಟು ಎಲ್ಲಿಟ್ಟೆನೋ ನೆನಪಿಲ್ಲ. ನೆನಪಿರುವುದು ನಾನು ಚಂದ್ರಿಯ ಹಿಂದೆ ನಿಂತಿದ್ದೆ ಎಂಬುದು. ಅಲ್ಲಿಂದ ಜಗತ್ತು ಹೇಗೆ ಕಾಣುತ್ತದೆ ಎಂದು ಅವತ್ತು ನೋಡಿದೆ. ಕಪ್ಪು ಬೆನ್ನು, ಅದರಾಚೆ ಎರಡು ತಲೆ.

"ಮುದುಕರು ಇಲ್ಲವಾ?" ಅಂದ ಕನ್ನಡಕದವನು. ಅವನ ಕಣ್ಣು ತೆರೆದ ಬಾಗಿಲಿನ ಮೂಲಕ ಅಡುಗೆಮನೆಯ ಜಂತಿಗೆ ಹೋಯಿತು. "ಇನ್ನೂ ಇಟ್ಟುಕೊಂಡಿದ್ದೀರಾ?"

ಜೆರಾಕ್ಸು ಅದೇ ಜಂತಿಯಲ್ಲಿತ್ತು. ತರಬೇಕೆಂದರೆ ಅವರ ಮುಂದೆಯೇ ಹಾಯಬೇಕು. ಕಾಲು ಏಳಲಿಲ್ಲ. ಸುಮ್ಮನಿದ್ದರೆ ಹಗ್ಗ ಜಗ್ಗುತ್ತಾರೆ ಎಂಬುದೊಂದೇ ತಲೆಯಲ್ಲಿತ್ತು.

"ಇಟ್ಕೋಬಹುದು," ಅಂದೆ. ದನಿ ನನ್ನದಲ್ಲ ಅನ್ನಿಸಿತು. "ಬಳಸಬಹುದು. ಬಿತ್ತಬಹುದು. ತಿರಗಿ ಬಿತ್ತಬಹುದು. ಅದಲಿಬದಲಿ ಮಾಡಬಹುದು. ಹಂಚಬಹುದು..."

ಮುಂದಿನದು ಬರಲಿಲ್ಲ. ದಿನಚರಿಯಲ್ಲಿ ಎಷ್ಟೋ ಸಲ ಬರೆದ ಮಾತು, ಬಾಯಿಗೆ ಬರಲಿಲ್ಲ. ಇಬ್ಬರೂ ನನ್ನನ್ನೇ ನೋಡುತ್ತಿದ್ದರು. ಚಂದ್ರಿ ಉಸಿರು ಬಿಟ್ಟಿತು. ಅದರ ಬೆನ್ನಿನ ಮೇಲಿದ್ದ ನನ್ನ ಕೈ, ಆ ಉಸಿರಿಗೆ ಒಮ್ಮೆ ಮೇಲೆ ಹೋಗಿ ಕೆಳಗೆ ಬಂತು.

"ಮಾರಬಹುದು," ಅಂದೆ. "ಮುವತ್ತೊಂಬತ್ತನೇ ಕಲಮು. ನಿಮಗ ಬೇಕಿದ್ರ ಸಂತಿಗಿ ಬರ್ರಿ. ಕಂಬಳಿ ಹಾಸಿರತೀವಿ."

ಕನ್ನಡಕದವನು ಏನೋ ಹೇಳಲು ಬಾಯಿ ತೆರೆದು, ಜೊತೆಯವನನ್ನು ನೋಡಿ, ಮುಚ್ಚಿದ. ಕಾರು ಹಿಂದಕ್ಕೆ ಸರಿದು ಓಣಿ ದಾಟಿತು. ಮತ್ತೆ ಬರುತ್ತಾರೋ ಇಲ್ಲವೋ ನನಗೆ ಗೊತ್ತಿಲ್ಲ. ಕಾಕು ಹಿಟ್ಟಿನ ಬುಟ್ಟಿ ಹೊತ್ತು ಬಂದಾಗಲೂ ನಾನು ಅಲ್ಲೇ ನಿಂತಿದ್ದೆ.

ಆ ಸಂಜೆ ದಿನಚರಿಯಲ್ಲಿ ತಾರೀಖು ಬರೆದೆ, ಬಿಸಿಲು ಎಂದು ಬರೆದೆ. ಆಮೇಲೆ ಪುಟದ ಅಂಚಿಗೆ, ಬಹಳ ದಿನಗಳ ಮೇಲೆ, ಒಂದು ಗೆರೆ ಎಳೆದೆ.